ಮೂರು ವರ್ಷಕ್ಕೆಂದು ಹೂಡಿದ ಬಿಡಾರ

ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ಊರಿನಲ್ಲಿ ಮ್ಯುಂಟ್ಸ್‌ಗಾಸೆ ಎಂಬ ಒಂದು ಇಕ್ಕಟ್ಟಾದ ಬೀದಿ ಇದೆ. ಆ ಬೀದಿಯ ಒಂದು ಹಳೆಯ ಮನೆಯ ಗೋಡೆಯ ಮೇಲೆ ‘ಇಲ್ಲಿ ಗಯಟೆ ವಾಸವಾಗಿದ್ದ’ ಎಂಬ ಫಲಕ ಕಾಣುತ್ತದೆ. 1797ರ ಸೆಪ್ಟೆಂಬರಿನಲ್ಲಿ ಗಯಟೆ ತನ್ನ ಪ್ರಕಾಶಕ ಕೋಟಾನ ಅತಿಥಿಯಾಗಿ ಅಲ್ಲಿ ಇದ್ದದ್ದು ನಿಜ. ಆದರೆ ಇದ್ದದ್ದು ಸುಮಾರು ಒಂದು ವಾರ ಮಾತ್ರ. ಅಷ್ಟಕ್ಕೇ ಒಂದು ಫಲಕವೇ ಎಂದು ಯಾವ ವಿದ್ಯಾರ್ಥಿಗೆ ಅನ್ನಿಸಿತೋ, ಪಕ್ಕದ ಕಟ್ಟಡದ ಮೇಲೆ ಇನ್ನೊಂದು ಫಲಕ ಬಂತು: ‘ಇಲ್ಲಿ ಗಯಟೆ ವಾಂತಿ ಮಾಡಿದ.’ ಪ್ರವಾಸಿಗರು ಈಗ ಎರಡರ ಫೋಟೋವನ್ನೂ ತೆಗೆದುಕೊಳ್ಳುತ್ತಾರೆ.

ತಮಾಷೆಯ ಒಳಗೆ ಒಂದು ನ್ಯಾಯವಾದ ಪ್ರಶ್ನೆ ಇದೆ. ಒಂದು ಊರಿನಲ್ಲಿ ಎಷ್ಟು ದಿನ ಇದ್ದರೆ ‘ವಾಸವಾಗಿದ್ದ’ ಎನ್ನಬಹುದು? ಈ ಪತ್ರಿಕೆ ಓದುವ ನಮ್ಮಲ್ಲಿ ಅನೇಕರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ‘ಎರಡು ವರ್ಷದ ಪ್ರಾಜೆಕ್ಟು, ಮುಗಿದ ಮೇಲೆ ವಾಪಸ್ಸು’ ಎಂದು ಊರಲ್ಲಿ ಹೇಳಿ ಪುಣೆಗೋ ಹೈದರಾಬಾದಿಗೋ ಬಂದು, ಇಪ್ಪತ್ತು ವರ್ಷ ಕಳೆದರೂ ಮನಸ್ಸಿನಲ್ಲಿ ಇನ್ನೂ ಬಿಡಾರದಲ್ಲೇ ಇರುವವರು ಪ್ರತಿ ಕನ್ನಡ ಸಂಘದಲ್ಲೂ ಸಿಗುತ್ತಾರೆ. ತಾತ್ಕಾಲಿಕವಾಗಿ ಬಂದವರ ಮೇಲೆಯೇ ಐದು ಶತಮಾನ ಬದುಕಿದ ಒಂದು ಊರಿನ ಚರಿತ್ರೆಯನ್ನು ಆ ಕಣ್ಣಿನಿಂದ ನೋಡುವುದು ಈ ಬರಹದ ಉದ್ದೇಶ. ಆ ಚರಿತ್ರೆಯ ನಡುವೆ ನಮ್ಮ ಕನ್ನಡ ನಿಘಂಟೂ ಇದೆ.

ಬಂದುಹೋಗುವವರ ಊರು

ಟ್ಯೂಬಿಂಗೆನ್ ದೊಡ್ಡ ನಗರವಲ್ಲ. ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ, ನೆಕರ್ ನದಿಯ ದಡದಲ್ಲಿರುವ ಇದರ ಇಂದಿನ ಜನಸಂಖ್ಯೆ ಸುಮಾರು 90 ಸಾವಿರ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು. ‘ಟ್ಯೂಬಿಂಗೆನ್‌ನಲ್ಲಿ ವಿಶ್ವವಿದ್ಯಾಲಯ ಇಲ್ಲ, ಟ್ಯೂಬಿಂಗೆನ್ನೇ ವಿಶ್ವವಿದ್ಯಾಲಯ’ ಎಂದು ಅಲ್ಲಿ ಒಂದು ಮಾತಿದೆ. ಸೆಮಿಸ್ಟರ್ ಮುಗಿದಾಗ ಬೀದಿಗಳು ಖಾಲಿಯಾಗುತ್ತವೆ, ಶುರುವಾದಾಗ ಕೋಣೆಗಾಗಿ ಅಲೆದಾಟ ಶುರುವಾಗುತ್ತದೆ.

ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ವ್ಯುರ್ಟೆಂಬರ್ಗಿನ ಕೌಂಟ್ ಎಬರ್‌ಹಾರ್ಡ್. ಉದ್ದ ಗಡ್ಡ ಬಿಟ್ಟಿದ್ದರಿಂದ ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರು. ಹೊರಗಿನಿಂದ ಬರುವ ಮೇಷ್ಟರಿಗೂ ವಿದ್ಯಾರ್ಥಿಗಳಿಗೂ ಅವನು ವಿಶೇಷ ಹಕ್ಕುಗಳನ್ನು ಕೊಟ್ಟ. ಅವರು ಊರಿನ ನ್ಯಾಯಾಲಯಕ್ಕೆ ಒಳಪಟ್ಟವರಲ್ಲ. ತಪ್ಪು ಮಾಡಿದರೆ ವಿಚಾರಿಸುವುದು ವಿಶ್ವವಿದ್ಯಾಲಯವೇ. ಅದಕ್ಕೆಂದೇ ಒಂದು ಸೆರೆಮನೆಯೂ ಇತ್ತು. 1515ರಿಂದ ಬಳಕೆಯಲ್ಲಿದ್ದ ಆ ಕತ್ತಲೆ ಕೋಣೆಗಳು ಅದೇ ಮ್ಯುಂಟ್ಸ್‌ಗಾಸೆಯಲ್ಲಿ ಇಂದಿಗೂ ಇವೆ. ಅಂದರೆ ಊರಿನಲ್ಲಿ ಎರಡು ಬಗೆಯ ಜನ: ಊರವರು ಮತ್ತು ವಿಶ್ವವಿದ್ಯಾಲಯದವರು. ಗುಡ್ಡದ ಮೇಲಿನ ಬೀದಿಗಳಲ್ಲಿ ಲ್ಯಾಟಿನ್ ಮಾತಾಡುವ ಪ್ರೊಫೆಸರುಗಳು, ಕೆಳಗಿನ ಕೇರಿಯಲ್ಲಿ ಒರಟು ಶ್ವಾಬಿಯನ್ ನುಡಿಯ ದ್ರಾಕ್ಷಿ ಬೆಳೆಗಾರರು. ಮೇಲಿನವರಿಗೆ ಕೋಣೆ ಬೇಕು, ಕೆಳಗಿನವರಿಗೆ ಬಾಡಿಗೆ ಬೇಕು. ಪರಸ್ಪರ ತಿರಸ್ಕಾರ, ಪರಸ್ಪರ ಅಗತ್ಯ ಎರಡೂ ಸೇರಿಯೇ ಊರು ಬೆಳೆಯಿತು.

ಅದೇ ಎಬರ್‌ಹಾರ್ಡ್ ಅದೇ 1477ರ ಸನದಿನಲ್ಲಿ ಇನ್ನೊಂದು ಷರತ್ತು ಬರೆಸಿದ: ಟ್ಯೂಬಿಂಗೆನ್‌ನಲ್ಲಿ ಯಹೂದಿಗಳು ವಾಸಿಸಕೂಡದು. ದೂರದಿಂದ ಬರುವ ಪಂಡಿತರಿಗೆ ಬಾಗಿಲು ತೆರೆದ ಕಾಗದವೇ ಪಕ್ಕದ ಮನೆಯವರನ್ನು ಹೊರಗೆ ಹಾಕಿತು. ಇದನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಗಡ್ಡದ ಎಬರ್‌ಹಾರ್ಡನ ಹೆಸರಿಗೆ ಅಂಟಿಕೊಂಡಿರುವ ಇನ್ನೊಂದು ಸಂಗತಿ ಕೇರ್‌ವೋಖೆ, ಅಂದರೆ ‘ಗುಡಿಸುವ ವಾರ’. ಹದಿನೈದನೇ ಶತಮಾನದ ಕೊನೆಯಲ್ಲಿ ಸ್ಟುಟ್‌ಗಾರ್ಟಿನ ಬೀದಿಗಳ ಕಸಕ್ಕಾಗಿ ಅವನು ಮಾಡಿಸಿದ ಕಟ್ಟಳೆಯಲ್ಲಿ ಈ ಪದ್ಧತಿಯ ಬೇರು ಹುಡುಕುತ್ತಾರೆ. ಆ ಸೀಮೆಯ ಬಾಡಿಗೆ ಮನೆಗಳಲ್ಲಿ ಇವತ್ತಿಗೂ ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಯಾರದೋ ಅವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ನೊಬೆಲ್ ಪ್ರಶಸ್ತಿಯ ಕನಸು ಹೊತ್ತು ಬಂದ ಸಂಶೋಧಕನಿಗೂ ಸರದಿ ತಪ್ಪದು. ಆರು ತಿಂಗಳಿಗೆ ಬಂದಿದ್ದೇನೆ ಎಂಬ ಕಾರಣಕ್ಕೆ ಮೆಟ್ಟಿಲು ಬಿಡುವುದಿಲ್ಲ. ಆ ಮಟ್ಟಿಗೆ ಪೊರಕೆ ಎಲ್ಲರನ್ನೂ ಊರವರನ್ನಾಗಿ ಮಾಡುತ್ತದೆ.

ಮೂರು ವರ್ಷ, ಮೂವತ್ತಾರು ವರ್ಷ

ಟ್ಯೂಬಿಂಗೆನ್‌ನ ಅತ್ಯಂತ ಪ್ರಸಿದ್ಧ ಬಾಡಿಗೆ ಕೋಣೆ ನದಿಯ ದಡದಲ್ಲಿದೆ. ಕವಿ ಫ್ರೀಡ್ರಿಕ್ ಹೋಲ್ಡರ್ಲೀನ್ ಮೊದಲು ಈ ಊರಿಗೆ ಬಂದದ್ದು ಧರ್ಮಶಾಸ್ತ್ರದ ವಿದ್ಯಾರ್ಥಿಯಾಗಿ. ಟ್ಯೂಬಿಂಗೆನ್ ಸ್ಟಿಫ್ಟ್ ಎಂಬ ಪ್ರಾಟೆಸ್ಟಂಟ್ ವಿದ್ಯಾರ್ಥಿನಿಲಯದಲ್ಲಿ ಹೆಗೆಲ್, ಶೆಲ್ಲಿಂಗ್ ಅವನ ಜೊತೆಗಾರರು. ಖಗೋಳ ವಿಜ್ಞಾನಿ ಕೆಪ್ಲರ್ ಎರಡು ಶತಮಾನದ ಹಿಂದೆ ಓದಿದ್ದೂ ಅದೇ ಸ್ಟಿಫ್ಟ್‌ನಲ್ಲಿ. 1806ರಲ್ಲಿ ಹೋಲ್ಡರ್ಲೀನನನ್ನು ಮತ್ತೆ ಟ್ಯೂಬಿಂಗೆನ್‌ಗೆ ಕರೆತಂದರು. ಈ ಸಲ ಮನಸ್ಸು ಕೆಟ್ಟಿತ್ತು. ಅವನನ್ನು ಸೇರಿಸಿದ್ದು ಔಟನ್‌ರೀಟ್ ಎಂಬ ವೈದ್ಯನ ಚಿಕಿತ್ಸಾಲಯಕ್ಕೆ. ತಿಂಗಳುಗಳ ಚಿಕಿತ್ಸೆಯ ನಂತರ, ವಾಸಿಯಾಗುವುದಿಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಹೇಳಿ 1807ರಲ್ಲಿ ಹೊರಗೆ ಕಳಿಸಿದರು.

ಅವನನ್ನು ಮನೆಗೆ ಕರೆದುಕೊಂಡವನು ಎರ್ನ್ಸ್ಟ್ ಝಿಮ್ಮರ್, ಒಬ್ಬ ಬಡಗಿ. ಕವಿಯ ‘ಹೈಪೀರಿಯನ್’ ಕಾದಂಬರಿಯನ್ನು ಓದಿ ಮೆಚ್ಚಿದ್ದ. ಪ್ರೊಫೆಸರುಗಳಿಂದ ತುಂಬಿದ ಊರಿನಲ್ಲಿ ಕೋಣೆ ಕೊಟ್ಟದ್ದು ಬಡಗಿ ಎಂಬುದನ್ನು ಗಮನಿಸಬೇಕು. ನೆಕರ್ ನದಿಯ ಮೇಲಿನ ಗೋಪುರದ ಆ ಕೋಣೆಯಲ್ಲಿ ಹೋಲ್ಡರ್ಲೀನ್ ಇದ್ದದ್ದು ಮೂರು ವರ್ಷವಲ್ಲ, 36 ವರ್ಷ. ಝಿಮ್ಮರ್ 1838ರಲ್ಲಿ ತೀರಿಕೊಂಡ ಮೇಲೆ ಮಗಳು ಲೊಟೆ ನೋಡಿಕೊಂಡಳು. 1843ರಲ್ಲಿ ಕವಿ ಆ ಮನೆಯಲ್ಲೇ ಕಣ್ಣು ಮುಚ್ಚಿದ. ವೈದ್ಯರು ಬರೆದುಕೊಟ್ಟ ಅವಧಿಗಿಂತ ಹನ್ನೆರಡು ಪಟ್ಟು ಕಾಲ ಒಂದು ಬಡಗಿಯ ಕುಟುಂಬ ಒಬ್ಬ ಬಾಡಿಗೆದಾರನನ್ನು ಸಾಕಿತು.

ಕೋಟೆಯ ಅಡುಗೆಮನೆ

ಇನ್ನೊಬ್ಬನ ಕತೆ ಇದಕ್ಕೆ ತದ್ವಿರುದ್ಧ. ಅವನು ಬಂದ, ಒಂದೂವರೆ ವರ್ಷದೊಳಗೆ ಹೋದ. ಅಷ್ಟರಲ್ಲಿ ಮಾಡಿದ್ದನ್ನು ಜಗತ್ತು ಅರ್ಥ ಮಾಡಿಕೊಳ್ಳಲು ಮುಕ್ಕಾಲು ಶತಮಾನ ಹಿಡಿಯಿತು.

ಫ್ರೀಡ್ರಿಕ್ ಮೀಷರ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನವನು, ವೈದ್ಯ ಪದವೀಧರ. ಕಿವಿ ಮಂದವಾಗಿದ್ದರಿಂದ ರೋಗಿಗಳನ್ನು ನೋಡುವ ವೃತ್ತಿ ಕಷ್ಟವೆಂದು ಪ್ರಯೋಗಾಲಯದ ದಾರಿ ಹಿಡಿದು, 1868ರಲ್ಲಿ, 24ನೇ ವಯಸ್ಸಿನಲ್ಲಿ ಟ್ಯೂಬಿಂಗೆನ್‌ಗೆ ಬಂದ. ಅಲ್ಲಿ ಫೆಲಿಕ್ಸ್ ಹೊಪ್ಪೆ-ಝೈಲರ್ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಾಲಯ ಇದ್ದದ್ದು ಊರ ಮೇಲಿನ ಹಳೆಯ ಕೋಟೆಯಲ್ಲಿ. ಮೀಷರನಿಗೆ ಕೆಲಸಕ್ಕೆ ಸಿಕ್ಕ ಜಾಗ ಹಿಂದೆ ಕೋಟೆಯ ಅಡುಗೆಮನೆಯಾಗಿದ್ದ ಕಮಾನು ಚಾವಣಿಯ ಕೋಣೆ. ದಪ್ಪ ಕಲ್ಲಿನ ಗೋಡೆ, ಒಳಗೆ ತಂಪು.

ಅವನ ಕಚ್ಚಾ ಸಾಮಗ್ರಿ ಕೀವು. ಊರಿನ ಶಸ್ತ್ರಚಿಕಿತ್ಸಾಲಯದಲ್ಲಿ ಗಾಯದಿಂದ ಬಿಚ್ಚಿ ಎಸೆಯುವ ಬ್ಯಾಂಡೇಜುಗಳನ್ನು ತರಿಸಿಕೊಂಡು, ಅದರಲ್ಲಿನ ಬಿಳಿ ರಕ್ತಕಣಗಳನ್ನು ತೊಳೆದು ತೆಗೆಯುತ್ತಿದ್ದ. ಕಣದ ಹೊರಭಾಗವನ್ನು ಕರಗಿಸಲು ಬೇಕಾದ ಪೆಪ್ಸಿನ್ ಹಂದಿಯ ಜಠರದಿಂದ ಬರುತ್ತಿತ್ತು. ಹೀಗೆ ಬೇರ್ಪಡಿಸಿದ ಕಣಕೇಂದ್ರದಲ್ಲಿ 1869ರಲ್ಲಿ ಅವನಿಗೊಂದು ವಸ್ತು ಸಿಕ್ಕಿತು. ಅದು ಆಗ ಗೊತ್ತಿದ್ದ ಯಾವ ಪ್ರೊಟೀನಿನಂತೆಯೂ ಇರಲಿಲ್ಲ, ಅದರಲ್ಲಿ ರಂಜಕ ಹೆಚ್ಚಿತ್ತು. ಅದಕ್ಕೆ ನ್ಯೂಕ್ಲಿಯಿನ್ ಎಂದು ಹೆಸರಿಟ್ಟ. ಅದನ್ನೇ ನಾವು ಇಂದು ಡಿಎನ್‌ಎ ಎನ್ನುತ್ತೇವೆ.

ಆ ವರ್ಷವೇ ಅವನು ಲೈಪ್‌ಜಿಗ್‌ಗೆ ಹೊರಟ. ಹೊಪ್ಪೆ-ಝೈಲರ್ ಎಚ್ಚರಿಕೆಯ ಮನುಷ್ಯ. ಶಿಷ್ಯನ ಫಲಿತಾಂಶವನ್ನು ತಾನೇ ಮತ್ತೆ ಮಾಡಿ ನೋಡಿದ ಮೇಲೆಯೇ ಪ್ರಕಟಣೆಗೆ ಒಪ್ಪಿದ್ದು. ಲೇಖನ ಅಚ್ಚಾದದ್ದು 1871ರಲ್ಲಿ. ಡಿಎನ್‌ಎಯ ಜೋಡಿ ಸುರುಳಿಯ ರಚನೆ ಗೊತ್ತಾದದ್ದು 1953ರಲ್ಲಿ. ಮೀಷರ್ ಆ ಹೊತ್ತಿಗೆ ಸತ್ತು ಅರ್ಧ ಶತಮಾನದ ಮೇಲಾಗಿತ್ತು. ಕೋಟೆಯ ಅಡುಗೆಮನೆಯನ್ನು ಈಗ ಅವನ ನೆನಪಿಗೆ ಪ್ರದರ್ಶನ ಕೋಣೆ ಮಾಡಿದ್ದಾರೆ. ಊರಿಗೆ ಬಂದು ಹೋದವನು ಏನು ಬಿಟ್ಟುಹೋದ ಎಂಬುದು ಅವನು ಹೋಗುವ ದಿನ ಗೊತ್ತಾಗುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಒಂದೇ ಊರಿನಲ್ಲಿ ಕಿಟೆಲ್ ಮತ್ತು ಹೆಸ್ಸೆ

ಈಗ ನಮ್ಮ ಕಡೆಗೆ ಬರೋಣ. ಕನ್ನಡಕ್ಕೂ ಟ್ಯೂಬಿಂಗೆನ್‌ಗೂ ನಂಟು ಹಳೆಯದು. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿನ ಸ್ಟಿಫ್ಟ್‌ನಲ್ಲಿ. ಹಳಗನ್ನಡ ಕಾವ್ಯಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದ ಕೆಲಸಕ್ಕಾಗಿ ಅದೇ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮಲಯಾಳದ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಕೂಡ ಅಲ್ಲಿಯವರೇ. ತಲಶ್ಶೇರಿಯಿಂದ ಅವರ ಜೊತೆ ಬಂದ ಓಲೆಗರಿ, ಕೈಬರಹ, ಅಚ್ಚುಪುಸ್ತಕಗಳ ಸಂಗ್ರಹ ಈಗ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಫರ್ಡಿನಾಂಡ್ ಕಿಟೆಲ್ ಅವರ ಕತೆ ಬೇರೆ. ಅವರು ಆ ಸೀಮೆಯವರಲ್ಲ. ಹುಟ್ಟಿದ್ದು 1832ರಲ್ಲಿ, ಉತ್ತರ ಸಮುದ್ರದ ಬದಿಯ ಪೂರ್ವ ಫ್ರೀಸ್‌ಲೆಂಡಿನಲ್ಲಿ. ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ ಕರ್ನಾಟಕಕ್ಕೆ ಬಂದರು. ಹುಬ್ಬಳ್ಳಿ–ಧಾರವಾಡ, ಮಂಗಳೂರು, ಮಡಿಕೇರಿ ಹೀಗೆ ಬಿಡಾರ ಬದಲಿಸುತ್ತಾ ಇದ್ದರು. ಮೊದಲ ಹೆಂಡತಿ ಪೌಲೀನ್ ಇಲ್ಲಿಯೇ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು. 1877ರಲ್ಲಿ ಜರ್ಮನಿಗೆ ಮರಳಿದರು.

ಅಲ್ಲಿಗೆ ಕತೆ ಮುಗಿಯಬಹುದಿತ್ತು. ಆದರೆ ನಿಘಂಟು ಮುಗಿದಿರಲಿಲ್ಲ. ಐವತ್ತು ದಾಟಿದ ಆ ಮನುಷ್ಯ 1883ರಲ್ಲಿ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು, ಒಬ್ಬರೇ ಮತ್ತೆ ಹಡಗು ಹತ್ತಿದರು. ಪದಗಳು ಜರ್ಮನಿಯಲ್ಲಿ ಇರಲಿಲ್ಲ. ಅವು ಇದ್ದದ್ದು ಇಲ್ಲಿನ ಪಂಡಿತರ ಬಾಯಲ್ಲಿ, ಓಲೆಗರಿಗಳಲ್ಲಿ, ಒಕ್ಕಲಿಗರ, ಕುಶಲಕರ್ಮಿಗಳ ಮಾತಿನಲ್ಲಿ. ಆ ‘ತಾತ್ಕಾಲಿಕ’ ಕೆಲಸ ನಡೆದದ್ದು ಒಂಬತ್ತು ವರ್ಷ. 1892ರಲ್ಲಿ ಅವರು ಕೊನೆಯ ಬಾರಿಗೆ ಕರ್ನಾಟಕ ಬಿಟ್ಟು ಟ್ಯೂಬಿಂಗೆನ್‌ನಲ್ಲಿ ನೆಲೆಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ನಿಘಂಟು ಹೊರಬಂತು: 1,700ಕ್ಕೂ ಹೆಚ್ಚು ಪುಟ, ಸುಮಾರು 70 ಸಾವಿರ ಪದ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೂ ಗೌರವ ಡಾಕ್ಟರೇಟ್ ನೀಡಿತು.

ಆ ವರ್ಷಗಳಲ್ಲಿ ಆ ಊರು ಭಾರತದ ಓದಿಗೆ ಹೆಸರಾಗಿತ್ತು. ಋಗ್ವೇದ, ಅಥರ್ವವೇದಗಳ ಪಂಡಿತ, ಸೇಂಟ್ ಪೀಟರ್ಸ್‌ಬರ್ಗ್ ಸಂಸ್ಕೃತ ನಿಘಂಟಿನ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ರುಡಾಲ್ಫ್ ರೋತ್ 1895ರವರೆಗೆ ಅಲ್ಲಿದ್ದರು. ಕಾಶ್ಮೀರದಿಂದ ಅವರಿಗೆ ಬಂದ, ಭೂರ್ಜಪತ್ರದ ಮೇಲೆ ಬರೆದ ಅಥರ್ವವೇದದ ಪ್ರತಿ ಆ ಗ್ರಂಥಾಲಯದಲ್ಲೇ ಉಳಿಯಿತು. ಮುಂದೆ ಮಧ್ಯ ಏಷ್ಯಾದ ಮರಳಿನಡಿ ಊರುಗಳನ್ನು ಅಗೆದ ಆರೆಲ್ ಸ್ಟೈನ್ 1883ರಲ್ಲಿ ಡಾಕ್ಟರೇಟ್ ಪಡೆದದ್ದು ರೋತ್ ಅವರ ಬಳಿ.

ಕಿಟೆಲ್ ಅಲ್ಲಿ ಕನ್ನಡ ವ್ಯಾಕರಣ ಬರೆಯುತ್ತಾ ಕುಳಿತಿದ್ದ ಕಾಲದಲ್ಲೇ, 1895ರ ಅಕ್ಟೋಬರಿನಲ್ಲಿ, 18 ವರ್ಷದ ಒಬ್ಬ ಹುಡುಗ ಕೆಲಸ ಕಲಿಯಲು ಟ್ಯೂಬಿಂಗೆನ್‌ಗೆ ಬಂದ. ಓದುತ್ತಿದ್ದ ಮಾಲ್‌ಬ್ರಾನ್ ಶಾಲೆಯಿಂದ ಓಡಿಹೋಗಿದ್ದ, ಆತ್ಮಹತ್ಯೆಗೂ ಯತ್ನಿಸಿದ್ದ, ಗೋಪುರ ಗಡಿಯಾರಗಳ ಕಾರ್ಖಾನೆಯಲ್ಲಿ ಅರಗೊರಳು ಹಿಡಿದು ದುಡಿದಿದ್ದ. ಇದು ಮನೆಯವರ ಪಾಲಿಗೆ ಕೊನೆಯ ಪ್ರಯತ್ನ. ಹುಡುಗನ ಹೆಸರು ಹರ್ಮನ್ ಹೆಸ್ಸೆ. ತಾಯಿಯ ತಂದೆ ಹರ್ಮನ್ ಗುಂಡರ್ಟ್. ತಾಯಿ ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಂದೆ ಯೊಹಾನೆಸ್ ಹೆಸ್ಸೆ ಅದೇ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿನಲ್ಲಿ ದುಡಿದು, ಆರೋಗ್ಯ ಕೆಟ್ಟು 1873ರಲ್ಲಿ ಮರಳಿದವರು.

ಹೋಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿದ್ದ ಹೆಕೆನ್‌ಹೌವರ್ ಪುಸ್ತಕದ ಅಂಗಡಿಯಲ್ಲಿ ಅವನಿಗೆ ಕೆಲಸ: ಪುಸ್ತಕ ಬಿಚ್ಚುವುದು, ಕಟ್ಟುವುದು, ಬಿಲ್ಲು ಬರೆಯುವುದು, ಕಪಾಟು ಒರೆಸುವುದು. ದಿನಕ್ಕೆ ಹತ್ತು-ಹನ್ನೆರಡು ಗಂಟೆ, ಬಹುಪಾಲು ನಿಂತುಕೊಂಡೇ. ಗಿರಾಕಿಗಳೆಲ್ಲ ಪ್ರೊಫೆಸರುಗಳು, ಪಾದ್ರಿಗಳು, ಅವನದೇ ವಯಸ್ಸಿನ ವಿದ್ಯಾರ್ಥಿಗಳು. ತಾನು ಓದಬೇಕಾಗಿದ್ದ ವಿಶ್ವವಿದ್ಯಾಲಯಕ್ಕೆ ಪುಸ್ತಕ ಮಾರುವುದು ಅವನ ಪಾಲಿಗೆ ಬಂತು. ವಾಸಕ್ಕೆ ಹೆರೆನ್‌ಬರ್ಗರ್ ರಸ್ತೆಯಲ್ಲಿ ಒಬ್ಬ ವಯಸ್ಸಾದ ವಿಧವೆಯ ಮನೆಯ ಕೆಳಮಹಡಿಯ ಕೋಣೆ. ರಾತ್ರಿ ಅಲ್ಲಿ ಕುಳಿತು ಗಯಟೆಯನ್ನು ಓದುತ್ತಿದ್ದ, ಪದ್ಯ ಬರೆಯುತ್ತಿದ್ದ. ಮೊದಲ ಎರಡು ಪುಸ್ತಕಗಳು ಹುಟ್ಟಿದ್ದು ಆ ಬಾಡಿಗೆ ಕೋಣೆಯಲ್ಲಿ. 1899ರಲ್ಲಿ ಊರು ಬಿಟ್ಟು ಬಾಸೆಲ್‌ಗೆ ಹೋದ. ‘ಸಿದ್ಧಾರ್ಥ’ ಬರೆದದ್ದು ಇನ್ನೂ ಎಷ್ಟೋ ವರ್ಷದ ಮೇಲೆ.

ಹೀಗೆ ನಾಲ್ಕು ವರ್ಷ ಒಂದೇ ಸಣ್ಣ ಊರಿನಲ್ಲಿ ಇವರಿಬ್ಬರೂ ಇದ್ದರು. ಮುದುಕರ ಮೇಜಿನ ಮೇಲೆ ಕರ್ನಾಟಕ, ಹುಡುಗನ ಮನೆಮಾತಿನ ನೆನಪುಗಳಲ್ಲಿ ಮಂಗಳೂರು, ಮಲಬಾರು. ಒಬ್ಬರಿಗೆ ಬಾಳೆಲ್ಲ ಅಲೆದ ಮೇಲೆ ಸಿಕ್ಕ ಕೊನೆಯ ನಿಲ್ದಾಣ ಅದು, ಇನ್ನೊಬ್ಬನಿಗೆ ಮೊದಲನೆಯದು. ಕಿಟೆಲ್ ಅವರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬದಿಗೆ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಅವರನ್ನು ನಾವು ಹೆಚ್ಚಾಗಿ ‘ಕನ್ನಡಕ್ಕೆ ಬಂದವರು’ ಎಂದು ನೆನೆಯುತ್ತೇವೆ. ವಾಪಸ್ಸು ಹೋದ ಮೇಲೂ ಕನ್ನಡದಲ್ಲೇ ಉಳಿದವರು ಎಂಬುದು ಅಷ್ಟೇ ಮುಖ್ಯ.

ಪತ್ರಿಕೆಯಲ್ಲಿ ಬಂದ ಸುದ್ದಿ

ಎಲ್ಲ ಬಿಡಾರಗಳೂ ಹೀಗೆ ಮುಗಿಯಲಿಲ್ಲ. 1932ರ ಚಳಿಗಾಲದ ಸೆಮಿಸ್ಟರಿಗೆ ಹನ್ಸ್ ಬೇತೆ ಎಂಬ 26 ವರ್ಷದ ಭೌತ ವಿಜ್ಞಾನಿ ಹಂಗಾಮಿ ಅಧ್ಯಾಪಕನಾಗಿ ಟ್ಯೂಬಿಂಗೆನ್‌ಗೆ ಬಂದ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಯಾರ ಹೆಸರಿನದೋ ಆ ಹನ್ಸ್ ಗೈಗರ್ ಅಲ್ಲಿನ ಭೌತಶಾಸ್ತ್ರದ ಪ್ರೊಫೆಸರು. ಬೇತೆಯ ಕೆಲಸವನ್ನು ಅವರು ಮೆಚ್ಚಿದ್ದರು. ಹೊರಗೆ ಬೀದಿಯಲ್ಲಿ, ತರಗತಿಯಲ್ಲಿ ಸ್ವಸ್ತಿಕದ ಪಟ್ಟಿ ತೋಳಿಗೆ ಕಟ್ಟಿದ ವಿದ್ಯಾರ್ಥಿಗಳು ಹೆಚ್ಚುತ್ತಿದ್ದರು.

1933ರ ಏಪ್ರಿಲ್ 7ರಂದು ಸರ್ಕಾರಿ ನೌಕರಿಯಿಂದ ಯಹೂದಿಗಳನ್ನು ತೆಗೆಯುವ ಕಾನೂನು ಬಂತು. ಬೇತೆಯ ತಾಯಿ ಯಹೂದಿ ಮೂಲದವರು. ಕೆಲಸ ಹೋದ ಸುದ್ದಿ ಅವನಿಗೆ ವಿಶ್ವವಿದ್ಯಾಲಯದಿಂದ ಬರಲಿಲ್ಲ. ಪತ್ರಿಕೆಯಲ್ಲಿ ನೋಡಿದ ಒಬ್ಬ ವಿದ್ಯಾರ್ಥಿ, ಇದಕ್ಕೆ ನಾನೇನು ಮಾಡಲಿ ಎಂದು ಕೇಳಿ ಬರೆದ ಕಾಗದದಿಂದ ತಿಳಿಯಿತು. ಬೇತೆ ಗೈಗರ್‌ಗೆ ಬರೆದ. ಬಂದ ಉತ್ತರ ಚುಟುಕಾಗಿತ್ತು, ತಣ್ಣಗಿತ್ತು. ವಿಷಾದದ ಒಂದು ಮಾತೂ ಅದರಲ್ಲಿರಲಿಲ್ಲ. ಬೇತೆ ಇಂಗ್ಲೆಂಡಿಗೆ ಹೋಗಿ, 1935ರಲ್ಲಿ ಅಮೆರಿಕದ ಕಾರ್ನೆಲ್ ಸೇರಿದ. ನಕ್ಷತ್ರಗಳು ಹೇಗೆ ಉರಿಯುತ್ತವೆ ಎಂಬುದನ್ನು ವಿವರಿಸಿದ್ದಕ್ಕೆ 1967ರ ನೊಬೆಲ್ ಬಂತು.

ಟ್ಯೂಬಿಂಗೆನ್‌ನಿಂದ ಆಗ ಹೊರಬಿದ್ದವರ ಸಂಖ್ಯೆ ಇತರ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ತೀರಾ ಕಡಿಮೆ. ಅದು ಊರಿನ ಒಳ್ಳೆಯತನವಲ್ಲ. ಮೊದಲಿನಿಂದಲೂ ಯಹೂದಿಗಳನ್ನು ಅಲ್ಲಿ ನೇಮಿಸಿಕೊಂಡದ್ದೇ ಕಡಿಮೆ, ತೆಗೆಯಲು ಜನವೇ ಇರಲಿಲ್ಲ. 1477ರ ಷರತ್ತಿನ ನೆರಳು ಅಷ್ಟು ಉದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಹಿಂದಿರುಗಿ ಬಂದ ಯಹೂದಿ ಕುಟುಂಬಗಳು 1882ರಲ್ಲಿ ಒಂದು ಪ್ರಾರ್ಥನಾಲಯ ಕಟ್ಟಿದ್ದವು. 1938ರ ನವೆಂಬರಿನಲ್ಲಿ ಅದನ್ನು ಸುಟ್ಟರು. ಅವರು ಬಂದುಹೋಗುವವರಾಗಿರಲಿಲ್ಲ, ನೆಲೆ ನಿಂತವರು. ಆದರೆ ಯಾರು ತಾತ್ಕಾಲಿಕ, ಯಾರು ಕಾಯಂ ಎಂದು ತೀರ್ಮಾನಿಸುವುದು ಅಲ್ಲಿ ಇದ್ದ ವರ್ಷಗಳ ಲೆಕ್ಕವಲ್ಲ, ಅಧಿಕಾರ.

ಇದೇ ಕಾನೂನಿನಿಂದ ಇನ್ನೊಂದು ಮಧ್ಯಮ ಗಾತ್ರದ ವಿಶ್ವವಿದ್ಯಾಲಯದ ಊರಾದ ಗ್ಯೋಟಿಂಗೆನ್ ಬಿಟ್ಟವರು ಮ್ಯಾಕ್ಸ್ ಬಾರ್ನ್. ಅವರ ಅಲೆದಾಟದ ದಾರಿ ನಮ್ಮ ಊರಿಗೆ ಬಂತು. ಸಿ. ವಿ. ರಾಮನ್ ಆಹ್ವಾನದ ಮೇಲೆ 1935ರ ಕೊನೆಯಲ್ಲಿ ಬಾರ್ನ್ ದಂಪತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರನ್ನು ಅಲ್ಲೇ ಕಾಯಂ ಪ್ರೊಫೆಸರು ಮಾಡಬೇಕೆಂದು ರಾಮನ್ ಪಟ್ಟು ಹಿಡಿದರು. ಆ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು, ಸ್ವಂತ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರಕೀಯ ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿದ್ದನ್ನು ಬಾರ್ನ್ ಮುಂದೆ ಆತ್ಮಕತೆಯಲ್ಲಿ ನೆನೆದಿದ್ದಾರೆ. ಅವರು ಎದುರಿಗೇ ಕುಳಿತಿದ್ದರು. ಆ ಹುದ್ದೆ ಆಗಲಿಲ್ಲ. 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೂ ನೊಬೆಲ್ ಬಂತು. ಜರ್ಮನಿಯ ಊರುಗಳ ಮೇಲೆ ಬೆರಳು ತೋರಿಸುವಾಗ ಬೆಂಗಳೂರಿನ ಆ ಸಭೆಯನ್ನೂ ನೆನಪಿಡುವುದು ಒಳ್ಳೆಯದು.

ಅತಿಥಿ ಎಂಬ ಪದ

ಯುದ್ಧದ ನಂತರ ಪಶ್ಚಿಮ ಜರ್ಮನಿಗೆ ದುಡಿಯುವ ಕೈಗಳು ಬೇಕಾದವು. ಹೊರಗಿನಿಂದ ಬಂದ ಕಾರ್ಮಿಕರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದರು. 1961ರಲ್ಲಿ ಟರ್ಕಿಯ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಎರಡು ವರ್ಷದ ಮಿತಿ ಇತ್ತು. ಕೆಲಸ ಕಲಿತವನನ್ನು ಕಳಿಸಿ ಹೊಸಬನನ್ನು ಕರೆಸುವುದು ನಷ್ಟ ಎಂದು ಕಾರ್ಖಾನೆಯವರಿಗೇ ಅರಿವಾಗಿ, 1964ರಲ್ಲಿ ಮಿತಿ ತೆಗೆದರು. ಅತಿಥಿಗಳು ಸಂಸಾರ ಕರೆಸಿಕೊಂಡರು, ಮಕ್ಕಳು ಶಾಲೆಗೆ ಹೋದರು. ಕೇರಳದಿಂದ ಹೋದ ಸಾವಿರಾರು ನರ್ಸುಗಳ ಕತೆಯೂ ಅದೇ ಕಾಲದ್ದು.

ಅದೇ 1961ರಲ್ಲಿ ಟ್ಯೂಬಿಂಗೆನ್‌ಗೂ ಒಬ್ಬ ಅತಿಥಿ ಬಂದರು. ತತ್ವಜ್ಞಾನಿ ಎರ್ನ್ಸ್ಟ್ ಬ್ಲೋಖ್ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದವರು. ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಾಗ ಅವರೂ ಹೆಂಡತಿಯೂ ಪಶ್ಚಿಮದ ಪ್ರವಾಸದಲ್ಲಿದ್ದರು. ಮರಳಬಾರದು ಎಂದು ನಿರ್ಧರಿಸಿದರು. 76ನೇ ವಯಸ್ಸಿನಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಟ್ಯೂಬಿಂಗೆನ್ ಸೇರಿದರು. ಭರವಸೆ ಎಂಬುದು ನಿರಾಶೆಗೆ ಒಳಗಾಗಬಲ್ಲುದೇ ಎಂಬುದು ಅವರ ಮೊದಲ ಉಪನ್ಯಾಸದ ವಿಷಯ. ‘ಅತಿಥಿ’ 1977ರಲ್ಲಿ ಸಾಯುವವರೆಗೆ ಅಲ್ಲೇ ಇದ್ದರು.

ಇಂದು ಜರ್ಮನ್ ವಿಶ್ವವಿದ್ಯಾಲಯಕ್ಕೆ ಹೋಗುವ ಭಾರತೀಯ ಸಂಶೋಧಕನಿಗೆ ಊರು ಎದುರಾಗುವುದು ಕಾಗದದ ರೂಪದಲ್ಲಿ. ಮನೆ ಸಿಕ್ಕ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿಯ ಕಾಗದ ಬೇಕು. ಆ ನೋಂದಣಿ ಇಲ್ಲದೆ ಮುಂದಿನ ಎಷ್ಟೋ ಕೆಲಸ ಸಾಗದು. ಬಾಡಿಗೆಯಲ್ಲಿ ‘ತಣ್ಣನೆಯ ಬಾಡಿಗೆ’, ‘ಬೆಚ್ಚನೆಯ ಬಾಡಿಗೆ’ ಎಂದು ಎರಡು. ಎರಡನೆಯದರಲ್ಲಿ ಮನೆ ಬಿಸಿ ಮಾಡುವ ಖರ್ಚು ಮುಂತಾದವು ಸೇರಿರುತ್ತವೆ. ಖಾಲಿ ಮನೆ ಎಂದರೆ ಕೆಲವೊಮ್ಮೆ ಅಡುಗೆಕಟ್ಟೆ, ಒಲೆ, ಸಿಂಕ್ ಕೂಡ ಇಲ್ಲದ ಮನೆ; ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಒಂದು ಸಮಾಧಾನವೆಂದರೆ, ಅಲ್ಲಿ ಠೇವಣಿ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ ಎಂದು ಕಾನೂನೇ ಹೇಳುತ್ತದೆ.

ಕೆಲಸದ ಅವಧಿಗೂ ಕಾನೂನಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ರಿವಾಟ್‌ಡೊಜೆಂಟ್ ಎಂಬ ಹೆಸರಿನ ಅಧ್ಯಾಪಕ ಸಂಬಳವಿಲ್ಲದೆ, ವಿದ್ಯಾರ್ಥಿಗಳು ಕೊಡುವ ಶುಲ್ಕದಲ್ಲಿ, ಪ್ರೊಫೆಸರು ಹುದ್ದೆಗಾಗಿ ವರ್ಷಾನುಗಟ್ಟಲೆ ಕಾಯುತ್ತಿದ್ದ. ಅದೊಂದು ಜೂಜು ಎಂದು ಮ್ಯಾಕ್ಸ್ ವೇಬರ್ 1917ರಲ್ಲೇ ಎಳೆಯರನ್ನು ಎಚ್ಚರಿಸಿದ್ದರು. ಈಗ ಸಂಬಳವಿದೆ, ಜೂಜೂ ಇದೆ. 2007ರ ಕಾನೂನಿನ ಪ್ರಕಾರ ಡಾಕ್ಟರೇಟಿಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ ಮಾತ್ರ ತಾತ್ಕಾಲಿಕ ಒಪ್ಪಂದದ ಮೇಲೆ ಇಟ್ಟುಕೊಳ್ಳಬಹುದು. ವೈದ್ಯಕೀಯಕ್ಕೆ, ಮಕ್ಕಳಿರುವವರಿಗೆ, ಹೊರಗಿನ ಹಣದ ಯೋಜನೆಗಳಿಗೆ ಸ್ವಲ್ಪ ಬೇರೆ ಲೆಕ್ಕ. ಜನ ಅನಂತಕಾಲ ತಾತ್ಕಾಲಿಕವಾಗಿ ಉಳಿಯಬಾರದು ಎಂಬುದು ಉದ್ದೇಶ. ಆದರೆ ಕಾಯಂ ಹುದ್ದೆಗಳು ಹೆಚ್ಚದೆ ಇದ್ದುದರಿಂದ, ನಲವತ್ತರ ಹೊಸ್ತಿಲಲ್ಲಿ ಅನೇಕರು ಹೊರಬೀಳುವಂತಾಯಿತು. 2021ರಲ್ಲಿ ಜರ್ಮನಿಯ ಸಂಶೋಧಕರು ‘ನಾನು ಹನ್ನಾ’ ಎಂಬ ಹೆಸರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ದನಿ ಎತ್ತಿದ್ದು ಇದರ ವಿರುದ್ಧ. ಹನ್ನಾ ಎಂಬುದು ಸರ್ಕಾರವೇ ಈ ಕಾನೂನನ್ನು ಹೊಗಳಿ ಮಾಡಿದ್ದ ವಿಡಿಯೊದ ಕಾಲ್ಪನಿಕ ಸಂಶೋಧಕಿಯ ಹೆಸರು.

ಮರಳಿ ಕನ್ನಡಕ್ಕೆ

ನಮ್ಮ ಕಾಲದಲ್ಲಿ ಕಿಟೆಲ್ ಅವರ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದವರೂ ಇದ್ದಾರೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬಿ. ಎ. ವಿವೇಕ ರೈ ಅವರು ಜರ್ಮನಿಯ ವ್ಯುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿ, ಅಲ್ಲಿನ ಭಾರತ ಅಧ್ಯಯನ ವಿಭಾಗದ ಹೈಡ್ರುನ್ ಬ್ರೂಕ್ನರ್ ಅವರ ಜೊತೆ ಕನ್ನಡ, ತುಳುವಿನ ಕೆಲಸ ಮಾಡಿದರು. ಟ್ಯೂಬಿಂಗೆನ್‌ನಲ್ಲಿ 2015ರಲ್ಲಿ ಮಲಯಾಳಕ್ಕೆ ಗುಂಡರ್ಟ್ ಹೆಸರಿನ ಪೀಠ ಸ್ಥಾಪನೆಯಾಯಿತು. ಕೇರಳದಿಂದ ಸಂದರ್ಶಕ ಪ್ರಾಧ್ಯಾಪಕರು ಅಲ್ಲಿಗೆ ಹೋಗಿ ಕಲಿಸಿದರು. ಮೋಗ್ಲಿಂಗ್‌ಗೂ ಕಿಟೆಲ್‌ಗೂ ಗೌರವ ಡಾಕ್ಟರೇಟ್ ಕೊಟ್ಟ, ಕಿಟೆಲ್ ಕೊನೆಯುಸಿರೆಳೆದ ಊರು ಅದು. ಅಂಥದೊಂದು ಪೀಠ ಕನ್ನಡಕ್ಕೂ ಇರಬೇಕು ಎಂದು ಕೇಳಲು ನಮಗೆ ಕಾರಣ ಸಾಕಷ್ಟಿದೆ. ಕೇಳಬೇಕಾದದ್ದು ಜರ್ಮನಿಯನ್ನಲ್ಲ, ನಮ್ಮ ಸರ್ಕಾರವನ್ನು, ವಿಶ್ವವಿದ್ಯಾಲಯಗಳನ್ನು, ನಮ್ಮನ್ನೇ.

ಇಷ್ಟು ಜನರ ಬಿಡಾರಗಳನ್ನು ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಯಾರೂ ಊರಿಗೆ ಬರುವಾಗ ಹೇಳಿಕೊಂಡ ಅವಧಿಗೂ ಅವರು ಅಲ್ಲಿ ಬಾಳಿದ್ದಕ್ಕೂ ತಾಳೆಯಾಗುವುದಿಲ್ಲ. ಮೂರು ವರ್ಷ ಎಂದವನು 36 ವರ್ಷ ಇದ್ದ. ಒಂದೂವರೆ ವರ್ಷ ಇದ್ದವನ ಕೆಲಸ ನೂರೈವತ್ತು ವರ್ಷದಿಂದ ಬೆಳೆಯುತ್ತಲೇ ಇದೆ. ನೆಲೆ ಕೊಟ್ಟವರಲ್ಲಿ ಪ್ರೊಫೆಸರುಗಳಿಗಿಂತ ಬಡಗಿ, ವಿಧವೆ, ಪುಸ್ತಕದಂಗಡಿಯವರ ಹೆಸರೇ ಹೆಚ್ಚು ಕೇಳುತ್ತದೆ. ನೆಲೆ ತಪ್ಪಿಸಿದ್ದು ಬಹುಪಾಲು ಒಂದು ತಣ್ಣನೆಯ ಕಾಗದ, ಇಲ್ಲವೇ ಸಭೆಯಲ್ಲಿ ಎದ್ದ ಒಂದು ಮಾತು.

ನಮ್ಮ ಅಪಾರ್ಟ್‌ಮೆಂಟಿಗೆ ಒಡಿಶಾದಿಂದಲೋ ಮಣಿಪುರದಿಂದಲೋ ‘ಎರಡೇ ವರ್ಷಕ್ಕೆ’ ಎಂದು ಬಾಡಿಗೆಗೆ ಬಂದವರು ಬಾಗಿಲು ತಟ್ಟಿದಾಗ ಇದು ನೆನಪಾದರೆ ಸಾಕು. ನಾವೂ ಹಾಗೆಯೇ ಬಂದವರು. ಅವರ ಬಾಗಿಲಿಗೂ ಒಂದು ದಿನ ಮೆಟ್ಟಿಲು ಗುಡಿಸುವ ಸರದಿಯ ಹಲಗೆ ಬರಲಿ.